ಹವ್ಯಾಸದ ಬಳಗದಲ್ಲಿ ಬೈಗುಳ ಬಂದಾಗ

ಪ್ರಶ್ನೆ: ನಮ್ಮೂರ ಹೊಲದ ಬದುವಿನಲ್ಲಿ ಅಕ್ಷರ ಕೊರೆದ ಕಲ್ಲೊಂದಿದೆ. ಮಳಖೇಡ ಹತ್ತಿರವಿರುವುದರಿಂದ ರಾಷ್ಟ್ರಕೂಟರ ಕಾಲದ್ದಿರಬೇಕೆಂದು ಬರೆದು, ಶಾಸನಾಸಕ್ತರ ವಾಟ್ಸಾಪ್ ಬಳಗಕ್ಕೆ ಫೋಟೊ ಹಾಕಿದೆ. ‘ಓದ್ಲಾಕ ಬರಲಾರದವರಿಗಿ ಇದೆಲ್ಲ ಯಾಕ ಬೇಕು?’ ಎಂದು ಹಿರಿಯರೊಬ್ಬರು ಬರೆದರು. ಉಳಿದವರು ನಕ್ಕರು. ಈಗ ಏನು ಕೇಳಲೂ ಹೆದರಿಕೆ. ಬಳಗ ಬಿಡಲೇ?
– ಓದುಗರು, ತೆಂಗಳಿ

ಉತ್ತರ: ಪ್ರೀತಿಯಿಂದ ಹುಡುಕಿದ್ದನ್ನು ನಾಲ್ಕು ಜನರ ಮುಂದಿಟ್ಟಾಗ ನಗೆಪಾಟಲಾದರೆ ಯಾರಿಗಾದರೂ ನೋವಾಗುತ್ತದೆ. ನೀವು ಊಹಿಸಿದ ಕಾಲ ತಪ್ಪಿರಬಹುದು, ಅದು ದೊಡ್ಡ ಮಾತಲ್ಲ. ಅರಸನ ಹೆಸರು, ಶಕವರ್ಷ ಅಳಿಸಿಹೋಗಿದ್ದರೆ ಅಕ್ಷರದ ರೂಪ ನೋಡಿಯೇ ಕಾಲ ಹೇಳಬೇಕು. ಅದರಲ್ಲಿ ಪಳಗಿದವರಿಗೂ ಒಮ್ಮತ ಸುಲಭವಲ್ಲ.

ಎದುರಿಗೆ ಕೂತಿದ್ದರೆ ಆ ಹಿರಿಯರು ಬಹುಶಃ ಹಾಗೆ ಅನ್ನುತ್ತಿರಲಿಲ್ಲ. ಮುಖ ಕಾಣದ ಕಡೆ ಸಂಕೋಚದ ಕಟ್ಟು ಸಡಿಲವಾಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ವಿವರಿಸಿದ್ದಾರೆ.

ಶಾಸನ ಬಲ್ಲವರ ನಡುವೆ ಹೀಗಾಯಿತೆಂಬುದು ನನಗೆ ಹೆಚ್ಚು ಬೇಸರ ತಂದಿದೆ. ನಿಮ್ಮ ಜಿಲ್ಲೆಯದೇ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿಯ ಮೂರ್ತಿಗೆ ಪೀಠವಾಗಿದ್ದ ಬಂಡೆಯಲ್ಲಿ ಅಶೋಕನ ಬರಹ ಸಿಕ್ಕಿತು. ಅವನ 12ನೆಯ ಶಿಲಾಶಾಸನದ ಭಾಗವೂ ಅದರಲ್ಲಿದೆ. ಮಾತಿಗೆ ಹಿಡಿತವಿರಬೇಕು, ತನ್ನ ಪಂಥವನ್ನು ಮೆರೆಸಲು ಪರರದನ್ನು ಹಳಿಯುವವನು ತನ್ನದಕ್ಕೇ ಕೇಡು ತರುತ್ತಾನೆ ಎಂಬುದು ಆ ಶಾಸನದ ಸಾರ. ಹೇಳಿದ್ದು ಧರ್ಮಪಂಥಗಳಿಗೆ, ಆದರೆ ನಿಮ್ಮ ಬಳಗಕ್ಕೂ ಸಲ್ಲುತ್ತದೆ. ಹೊಸಬರನ್ನು ಹೆದರಿಸಿ ಓಡಿಸಿದರೆ, ಬದುವಿನ ಕಲ್ಲಿನ ಸುದ್ದಿಯನ್ನು ಅವರಿಗೆ ತಂದು ಹೇಳುವವರು ಯಾರು?

ಈಗಲೇ ಬಿಡಬೇಡಿ. ಸಿಟ್ಟು ಇಳಿದ ಮೇಲೆ ‘ಯಾವ ಅಕ್ಷರ ನೋಡಿ ಕಾಲ ಹೇಳುತ್ತೀರಿ, ದಯವಿಟ್ಟು ತಿಳಿಸಿ’ ಎಂದಷ್ಟೇ ಕೇಳಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಮತ್ತೊಂದು ಫೋಟೊ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತವೆ. ಎಣ್ಣೆ, ಸುಣ್ಣ ಹಚ್ಚಬೇಡಿ. ಆಗಲೂ ಉತ್ತರ ಬಾರದಿದ್ದರೆ, ಪಡಿಯಚ್ಚು (ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿಯಲ್ಲಿ ತೆಗೆಯುವ ಪ್ರತಿ) ಬಲ್ಲ ಅಧ್ಯಾಪಕರನ್ನು ಕಲಬುರಗಿಯಲ್ಲಿ ವಿಚಾರಿಸಿ.

ಪ್ರಶ್ನೆ: ಹದಿನಾರರ ಮಗನಿಗೆ ಹಕ್ಕಿ ಫೋಟೊ ತೆಗೆಯುವ ಹುಚ್ಚು. ಗೂಡಿನ ಮರಿಗಳ ಚಿತ್ರ ಹಾಕಿದ್ದಕ್ಕೆ ಹೊಲಸು ಬೈದಿದ್ದಾರೆ. ಒಬ್ಬ ‘ಮನಿಗಿ ಬಂದು ನೋಡ್ಕೋತೀನಿ’ ಎಂದಿದ್ದಾನೆ. ಮಗ ಸರಿಯಾಗಿ ಉಣ್ಣುತ್ತಿಲ್ಲ.
– ಒಬ್ಬ ತಾಯಿ, ಚಿಂಚೋಳಿ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ ತಾಯಿ. ಟೀಕೆ ಬೇರೆ, ಬೆದರಿಕೆ ಬೇರೆ. ಬೆದರಿಕೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಅಪರಾಧ. ಸಂದೇಶ ಅಳಿಸಬೇಡಿ, ನಂಬರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ (ಪರದೆಯ ಚಿತ್ರ) ಇಟ್ಟುಕೊಂಡು ಠಾಣೆಗೆ ತೋರಿಸಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಮಗ ಉಂಡು, ಸಮಾಧಾನಗೊಂಡ ಮೇಲೆ ಇನ್ನೊಂದು ಮಾತನ್ನೂ ಮೆಲ್ಲಗೆ ಹೇಳಿ. ಗೂಡಿನ ಸಮೀಪ ಸುಳಿದಾಡಿದರೆ ತಾಯಿಹಕ್ಕಿ ಬೆದರಿ ಮರಿಗಳನ್ನು ಬಿಟ್ಟುಹೋಗಬಹುದು. ಬೈದವರು ಇದನ್ನೇ ನೆಟ್ಟಗೆ ಹೇಳಬಹುದಿತ್ತು. ಕ್ಯಾಮೆರಾ ಕಸಿದಿಡಬೇಡಿ, ಚಂದ್ರಂಪಳ್ಳಿ ಕೆರೆಯ ಕಡೆಗೆ ಒಮ್ಮೆ ನೀವೂ ಜೊತೆಗೆ ಹೋಗಿ.

ಪ್ರಶ್ನೆ: ಬಳಗದಲ್ಲಿ ಯಾರೋ ಬೈದರೆ ಅಡ್ಮಿನ್ ಆದ ನನ್ನ ಮೇಲೆ ಕೇಸಾಗುತ್ತದೆಯೇ?
– ಓದುಗರು, ಸೇಡಂ

ಉತ್ತರ: ಗಾಬರಿ ಬೇಡ. ಸದಸ್ಯರ ಸಂದೇಶಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗೆಂದು ಸುಮ್ಮನೆ ನೋಡುತ್ತ ಕೂರಬೇಡಿ. ಹೊಲಸು ಸಂದೇಶವನ್ನು ಯಾರಿಗೂ ಕಾಣದಂತೆ ಅಳಿಸಲು ನಿಮಗೆ ಬರುತ್ತದೆ. ಜಗಳ ಹತ್ತಿದ ರಾತ್ರಿ ‘ಅಡ್ಮಿನ್ ಮಾತ್ರ’ ಎಂದು ಬಳಗ ಮುಚ್ಚಿ, ಬೈದವರಿಗೂ ಬೈಸಿಕೊಂಡವರಿಗೂ ನೀವೇ ಫೋನ್ ಮಾಡಿ ಮಾತಾಡಿ.