ಹಳೇ ಶೀಟು ಇಳಿಸುವ ಮುನ್ನ

ಹಂಚಿಗಿಂತ ಅಗ್ಗ, ಮಂಗಗಳ ಕಾಟವಿಲ್ಲ, ಒಂದೆರಡು ದಿನದಲ್ಲಿ ಚಾವಣಿ ಮುಗಿಯುತ್ತದೆ. ಹೀಗಾಗಿ ದನದ ಕೊಟ್ಟಿಗೆ, ಕೋಳಿ ಫಾರಂ, ಹಳೆಯ ಶಾಲೆ, ಬಾಡಿಗೆ ವಠಾರ, ಸಣ್ಣ ಕಾರ್ಖಾನೆ ಎಲ್ಲೆಲ್ಲೂ ಸಿಮೆಂಟ್ ಶೀಟು ಬಂದು ಕೂತಿತು. ಈಗ ಅವುಗಳಲ್ಲಿ ಎಷ್ಟೋ ಶೀಟುಗಳಿಗೆ ವಯಸ್ಸಾಗಿದೆ. ಆರ್‌ಸಿಸಿ ಹಾಕಿಸುವವರು, ಬಣ್ಣದ ತಗಡು ಹೊದಿಸುವವರು ಅವನ್ನು ಇಳಿಸುತ್ತಿದ್ದಾರೆ. ಇಳಿಸುವುದು ಎಂದರೂ ಹೆಚ್ಚಿನ ಕಡೆ ನಡೆಯುವುದು ಸುತ್ತಿಗೆಯಿಂದ ಒಡೆದು ಕೆಳಗೆ ಬೀಳಿಸುವ ಕೆಲಸ. ಚೂರುಗಳನ್ನು ಟೆಂಪೊದಲ್ಲಿ ತುಂಬಿ, ಕತ್ತಲಾದ ಮೇಲೆ ಕೆರೆಯಂಗಳಕ್ಕೋ ಖಾಲಿ ಸೈಟಿಗೋ ಸುರಿಯುತ್ತಾರೆ.

ಹಳೆಯ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಶೇ 8ರಿಂದ 10ರಷ್ಟು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತದೆ. ಶೀಟು ಗಟ್ಟಿಯಾಗಿರುವ ತನಕ ಅದರ ಎಳೆಗಳು ಸಿಮೆಂಟಿನೊಳಗೆ ಸೆರೆಯಾಗಿರುತ್ತವೆ. ಒಡೆದಾಗ, ಕೊರೆದಾಗ, ಕತ್ತರಿಸಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೆ ಸೇರುತ್ತವೆ. ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಉಳಿಯುತ್ತವೆ. ಕಲ್ನಾರು ರೋಗ, ಶ್ವಾಸಕೋಶದ ಕ್ಯಾನ್ಸರ್, ಮೀಸೋಥೀಲಿಯೋಮಾ ಎಂಬ ಪೊರೆಯ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಹಿಡಿಯಬಹುದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಾನೂನಿನ ಮಟ್ಟಿಗೆ ಈ ತಡವೇ ಕಷ್ಟದ ಸಂಗತಿ. ಕಾಯಿಲೆ ಬರುವ ಹೊತ್ತಿಗೆ ಕೆಲಸ ಕೊಟ್ಟ ಮೇಸ್ತ್ರಿ ಎಲ್ಲಿರುತ್ತಾನೋ, ಕಟ್ಟಡ ಇರುತ್ತದೋ ಇಲ್ಲವೋ. ಅಂದು ಕೈಯಲ್ಲಿರುವ ಕಾಗದವೊಂದೇ ಸಾಕ್ಷಿ. ಈ ಲೇಖನದಲ್ಲಿ ಮತ್ತೆ ಮತ್ತೆ ಬರಹದಲ್ಲಿ ಪಡೆಯಿರಿ ಎಂದು ಹೇಳುವುದು ಅದಕ್ಕೇ.

ಜಗತ್ತಿನ 60ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ಭಾರತ ನಿಷೇಧಿಸಿಲ್ಲ. ಇಲ್ಲಿ ಗಣಿಗಾರಿಕೆ ನಿಂತಿದ್ದರೂ ಹೊರದೇಶದಿಂದ ಬಿಳಿ ಕಲ್ನಾರು ಬರುತ್ತಲೇ ಇದೆ. ಸಂಪೂರ್ಣ ನಿಷೇಧ ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಆದ್ದರಿಂದ ಮನೆಯ ಮೇಲೆ ಶೀಟು ಇರುವುದು ಅಪರಾಧವಲ್ಲ, ಅದನ್ನು ನಾಳೆಯೇ ಕಿತ್ತು ಹಾಕಬೇಕೆಂಬ ಕಡ್ಡಾಯವೂ ಇಲ್ಲ. ಬಿರುಕಿಲ್ಲದ ಶೀಟನ್ನು ಮುಟ್ಟದೆ ಬಿಡುವುದು ಎಷ್ಟೋ ಸಲ ಸುರಕ್ಷಿತ.

ತೆಗೆಯಲೇಬೇಕಾದರೆ ಯಾವ ನಿಯಮ? ಪರಿಸರ (ಸಂರಕ್ಷಣೆ) ಕಾಯ್ದೆ, 1986ರ ಅಡಿ ಬಂದಿರುವ ಅಪಾಯಕಾರಿ ತ್ಯಾಜ್ಯ ನಿಯಮಗಳು, 2016 ಇಲ್ಲಿ ಮುಖ್ಯ. ಅದರ ಮೊದಲನೇ ಅನುಸೂಚಿಯ 15ನೇ ನಮೂದಿನಲ್ಲಿ ಕಲ್ನಾರಿನ ಶೇಷ, ಬಿಸಾಡಿದ ಕಲ್ನಾರು, ದೂಳು ಈ ಮೂರೂ ಇವೆ. ಆದರೆ ಆ ನಮೂದಿನ ತಲೆಬರಹ ಕಲ್ನಾರು ಮತ್ತು ಕಲ್ನಾರಿನ ವಸ್ತುಗಳ ಉತ್ಪಾದನೆಯ ಬಗ್ಗೆ. ಕಾರ್ಖಾನೆಯಿಂದ ಹೊರಬೀಳುವ ಕಸವನ್ನು ನಿಯಮ ಸ್ಪಷ್ಟವಾಗಿ ಹಿಡಿಯುತ್ತದೆ, ಕೊಟ್ಟಿಗೆಯಿಂದ ಇಳಿಸಿದ ಹತ್ತು ಶೀಟುಗಳ ಮಾತು ಬಂದಾಗ ಅಷ್ಟು ಸ್ಪಷ್ಟವಾಗಿಲ್ಲ. ನನ್ನ ಪ್ರಕಾರ ಇದು ದೊಡ್ಡ ಲೋಪ. ಏಕೆಂದರೆ ಇನ್ನು ಮುಂದೆ ನಮ್ಮ ಗಾಳಿಗೆ ಎಳೆ ಸೇರುವುದು ಹೆಚ್ಚಾಗಿ ಇಂಥ ಮಾಡುಗಳಿಂದಲೇ. ನಿಯಮ ಮಸುಕಾಗಿದೆ ಎಂದು ಕೈಕಟ್ಟಿ ಕೂರಬೇಕಿಲ್ಲ. ಕಲ್ನಾರಿನ ತ್ಯಾಜ್ಯ ವಿಲೇವಾರಿಗೆಂದೇ ಭಾರತೀಯ ಮಾನಕ ಐಎಸ್ 11768 ಇದೆ. ಗುತ್ತಿಗೆ ಪತ್ರದಲ್ಲಿ ಈ ಸಂಖ್ಯೆಯನ್ನು ನಮೂದಿಸಿದರೆ ಅದನ್ನು ಪಾಲಿಸುವುದು ಗುತ್ತಿಗೆದಾರನ ಹೊಣೆಯಾಗುತ್ತದೆ.

ಶಾಲೆ, ಕಾರ್ಖಾನೆ, ಅಪಾರ್ಟ್‌ಮೆಂಟ್‌ನಂಥ ದೊಡ್ಡ ಕೆಲಸವಾದರೆ ಅಪಾಯಕಾರಿ ತ್ಯಾಜ್ಯದ ಹಾದಿಯನ್ನೇ ಹಿಡಿಯುವುದು ಒಳ್ಳೆಯದು. ಶೀಟಿಗೆ ಮೊದಲು ನೀರು ಸಿಂಪಡಿಸಿ ಒದ್ದೆ ಮಾಡಬೇಕು. ಬೋಲ್ಟ್ ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಬೇಕು. ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಂಟಿಸಬೇಕು. ಕೆಲಸಗಾರರ ಮೂಗಿಗೆ ಕರವಸ್ತ್ರ ಕಟ್ಟಿದರೆ ಏನೂ ಪ್ರಯೋಜನವಿಲ್ಲ. ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಬೇಕು. ದೂಳು ಹತ್ತಿದ ಬಟ್ಟೆ ಮನೆಗೆ, ಹೆಂಡತಿ ಮಕ್ಕಳ ಬಟ್ಟೆಯ ಜೊತೆಗೆ ಹೋಗಬಾರದು.

ಸಾಗಣೆಗೆ 2016ರ ನಿಯಮಗಳು ಮ್ಯಾನಿಫೆಸ್ಟ್ ಎಂಬ ಪತ್ರವನ್ನು ಕಡ್ಡಾಯ ಮಾಡಿವೆ. ಇದು 10ನೇ ನಮೂನೆ, ಏಳು ಪ್ರತಿ, ಒಂದೊಂದಕ್ಕೂ ಒಂದೊಂದು ಬಣ್ಣ. ಬಿಳಿ ಪ್ರತಿಯನ್ನು ಕಳಿಸುವವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು, ಸಾಗಿಸುವವರ ಸಹಿಯಿರುವ ಹಳದಿ ಪ್ರತಿ ಕಳಿಸಿದವರ ಬಳಿ ಉಳಿಯುತ್ತದೆ. ತ್ಯಾಜ್ಯ ತಲುಪಿದ ಮೇಲೆ ಪಡೆದವರು ಸಹಿ ಹಾಕಿದ ನೀಲಿ ಪ್ರತಿ ಕಳಿಸಿದವರಿಗೆ ವಾಪಸು ಬರಬೇಕು. ನೀಲಿ ಪ್ರತಿ ಬರಲಿಲ್ಲವೆಂದರೆ ಲೋಡು ಸರಿಯಾದ ಜಾಗಕ್ಕೆ ಸೇರಿದೆ ಎನ್ನಲು ನಿಮ್ಮ ಬಳಿ ಆಧಾರವಿಲ್ಲ, ಗುತ್ತಿಗೆದಾರನ ಕೊನೆಯ ಕಂತನ್ನು ಅಲ್ಲಿಯವರೆಗೆ ತಡೆಹಿಡಿಯುವ ಷರತ್ತನ್ನು ಮೊದಲೇ ಬರೆಸಿಕೊಳ್ಳಿ. ತ್ಯಾಜ್ಯವನ್ನು ಜಾಗದಲ್ಲೇ ಇಟ್ಟುಕೊಳ್ಳಲು ಸಾಮಾನ್ಯ ಮಿತಿ 90 ದಿನ. ಪ್ಯಾಕೆಟ್ ಮೇಲೆ ಅಪಾಯಕಾರಿ ತ್ಯಾಜ್ಯ ಎಂಬ ಲೇಬಲ್ ಸ್ಥಳೀಯ ಭಾಷೆಯಲ್ಲೂ ಇರಬೇಕು, ಅಂದರೆ ನಮ್ಮಲ್ಲಿ ಕನ್ನಡದಲ್ಲಿ. ಕರ್ನಾಟಕದಲ್ಲಿ ಇಂಥ ತ್ಯಾಜ್ಯವನ್ನು ಸುರಕ್ಷಿತವಾಗಿ ಹೂಳುವ ಘಟಕ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿದೆ.

ಸಣ್ಣ ಮನೆಯವರು ಏನು ಮಾಡಬೇಕು? ಗ್ರಾಮ ಪಂಚಾಯಿತಿಯ ಪಿಡಿಒಗೆ ಅಥವಾ ನಗರಸಭೆಗೆ, ಒಂದು ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಇಷ್ಟು ಶೀಟು ಇಳಿಸುತ್ತಿದ್ದೇನೆ, ಎಲ್ಲಿಗೆ ಹಾಕಬೇಕು ತಿಳಿಸಿ ಎಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರುವ ತನಕ ಸುತ್ತಿ ಕಟ್ಟಿ, ಮಕ್ಕಳು ಮುಟ್ಟದ ಕಡೆ ಇಡಿ. ಗುಜರಿಗೆ ಮಾರುವುದು, ನೆರೆಯವರ ಕೊಟ್ಟಿಗೆಗೆ ದಾನ ಕೊಡುವುದು ಬೇಡ.

ಯಾರೋ ಕೆರೆಯ ಪಕ್ಕ ಚೂರು ಸುರಿದಿದ್ದರೆ ಅದನ್ನು ಗುಡಿಸಲು ಹೋಗಬೇಡಿ. ದೂರದಿಂದ ಫೋಟೊ, ವಾಹನದ ನಂಬರು, ಜಾಗದ ಗುರುತು, ತಾರೀಖು ಸೇರಿಸಿ ಮಂಡಳಿಗೂ ಸ್ಥಳೀಯ ಸಂಸ್ಥೆಗೂ ದೂರು ಕೊಡಿ. ಪರಿಸರ ಕಾಯ್ದೆಯ ಉಲ್ಲಂಘನೆಗೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡವಿದೆ. ದೂರಿನ ಮೇಲೆ ಏನು ಕ್ರಮವಾಯಿತೆಂದು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು. ಅದಕ್ಕೂ ಮಣಿಯದಿದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ಪರಿಸರ ವಿವಾದದ ಅರ್ಜಿಗೆ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು ಮಿತಿ, ಪರಿಹಾರದ ಅರ್ಜಿಗೆ ಐದು ವರ್ಷ.

ಇನ್ನು ಶೀಟು ಇಳಿಸುವವರ ಮಾತು. 1995ರ ಜನವರಿ 27ರಂದು ಸುಪ್ರೀಂ ಕೋರ್ಟ್, ಕಾರ್ಮಿಕರ ಆರೋಗ್ಯ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿದ್ದು ಕಲ್ನಾರು ಕಾರ್ಮಿಕರ ಪ್ರಕರಣದಲ್ಲೇ. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟು 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ಅದು ಕಲ್ನಾರು ಉದ್ಯಮಗಳಿಗೆ ಹೇಳಿತು. ದಿನಗೂಲಿಗೆ ಶೀಟು ಇಳಿಸುವವನ ದಾಖಲೆಯನ್ನು ಯಾರೂ ಇಡುತ್ತಿಲ್ಲ. ಕೆಡವುವ ಕೆಲಸವೂ ಕಾನೂನಿನ ಪ್ರಕಾರ ಕಟ್ಟಡ ನಿರ್ಮಾಣ ಕೆಲಸವೇ. ಹಿಂದಿನ 12 ತಿಂಗಳಲ್ಲಿ 90 ದಿನ ಇಂಥ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು, ನೋಂದಾಯಿಸಲೇಬೇಕು. 1923ರ ನೌಕರರ ಪರಿಹಾರ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಕಲ್ನಾರು ರೋಗ ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಎಲ್ಲಿ, ಯಾರ ಕೈಕೆಳಗೆ, ಎಷ್ಟು ದಿನ ಕೆಲಸ ಮಾಡಿದಿರೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ದಮ್ಮು, ಕೆಮ್ಮು ಎಂದು ಆಸ್ಪತ್ರೆಗೆ ಹೋದಾಗ ಕಲ್ನಾರು ಶೀಟಿನ ಕೆಲಸ ಮಾಡಿದ್ದೆ ಎಂಬುದನ್ನು ವೈದ್ಯರಿಗೆ ಹೇಳಿ, ಅದನ್ನು ಚೀಟಿಯಲ್ಲೇ ಬರೆಸಿಕೊಂಡು ಬನ್ನಿ.