ಗಾಳಿಗೆ ಆಡುವ ಶಿಲ್ಪ

 

ಶಿಲ್ಪ ಎಂದರೆ ನಮಗೆಲ್ಲ ಬೇಲೂರು, ಹಳೇಬೀಡು ನೆನಪಾಗುತ್ತದೆ. ಆ ಶಿಲ್ಪಗಳು ನಿಂತಲ್ಲೇ ನಿಂತಿರುತ್ತವೆ. ಆದರೆ ಅಲುಗಾಡುವ ಶಿಲ್ಪವೂ ಇದೆ. ಅದಕ್ಕೆ ಚಲನಶಿಲ್ಪ ಎನ್ನುತ್ತಾರೆ. ನಾಲ್ಕನೇ ತರಗತಿ ಮಕ್ಕಳಿಗೆ ಇದನ್ನು ಹೇಳಿಕೊಡು ಅಂತ ಡ್ರಾಯಿಂಗ್ ಮೇಷ್ಟ್ರು ನನಗೆ ಒಪ್ಪಿಸಿದರು. ಎರಡು ಶನಿವಾರ ಹೇಳಿಕೊಟ್ಟೆ. ಮೊದಲನೇ ಶನಿವಾರ ಕೆಟ್ಟುಹೋಯಿತು. ಅದನ್ನೂ ಬರೆಯುತ್ತೇನೆ.

ಮೊದಲು ಸ್ವಲ್ಪ ಇತಿಹಾಸ. 1913ರಲ್ಲಿ ಫ್ರಾನ್ಸಿನ ಮಾರ್ಸೆಲ್ ದುಶಾಂಪ್ ಎಂಬ ಕಲಾವಿದರು ಸ್ಟೂಲಿನ ಮೇಲೆ ಸೈಕಲ್ ಚಕ್ರ ನಿಲ್ಲಿಸಿದರು. ಅದನ್ನು ತಿರುಗಿಸಿ ನೋಡುತ್ತಿದ್ದರು. (ಇದೂ ಕಲೆಯಾ ಅಂತ ನನಗೂ ಅನ್ನಿಸಿತು. ಆದರೆ ಸೈಕಲ್ ಶಾಪಿನಲ್ಲಿ ಚಕ್ರ ತಿರುಗೋದನ್ನ ನಾವೂ ನಿಂತು ನೋಡ್ತೀವಲ್ಲ!) ಆಮೇಲೆ ಬಂದವರು ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ (1898-1976). ಅವರ ಅಪ್ಪ, ತಾತ ಇಬ್ಬರೂ ಶಿಲ್ಪಿಗಳು. ಇವರು ಮಾತ್ರ ಮೊದಲು ಇಂಜಿನಿಯರಿಂಗ್ ಓದಿದರು. 1930ರಲ್ಲಿ ಪ್ಯಾರಿಸಿನಲ್ಲಿ ಮಾಂಡ್ರಿಯನ್ ಎಂಬ ಚಿತ್ರಕಾರರ ಮನೆಗೆ ಹೋದರು. ಅಲ್ಲಿ ಗೋಡೆ ಮೇಲಿದ್ದ ಬಣ್ಣದ ಚೌಕಗಳನ್ನು ನೋಡಿ, ಇವು ಅಲುಗಾಡಿದರೆ ಚೆನ್ನ ಎಂದರು. ಮಾಂಡ್ರಿಯನ್ ಒಪ್ಪಲಿಲ್ಲ. ಕಾಲ್ಡರ್ ತಾವೇ ತಂತಿ, ತಗಡಿನಿಂದ ಮಾಡತೊಡಗಿದರು. ಕೆಲವನ್ನು ಮೋಟಾರಿನಿಂದ ಓಡಿಸಿದರು. ಆಮೇಲೆ ಗಾಳಿಯೇ ಸಾಕಾಯಿತು. 1931ರಲ್ಲಿ ಅವಕ್ಕೆ ಮೊಬೈಲ್ ಎಂದು ಹೆಸರು ಕೊಟ್ಟವರು ಅದೇ ದುಶಾಂಪ್. ಇದು ಫೋನ್ ಅಲ್ಲ ಅಂದಾಗ ಮಕ್ಕಳ ಮುಖ ಸಪ್ಪಗಾಯಿತು. 1955ರಲ್ಲಿ ಕಾಲ್ಡರ್ ನಮ್ಮ ದೇಶಕ್ಕೂ ಬಂದು ಅಹಮದಾಬಾದಿನಲ್ಲಿ ಶಿಲ್ಪ ಮಾಡಿದ್ದರು. ಕರೆಸಿದ್ದು ವಿಜ್ಞಾನಿ ವಿಕ್ರಂ ಸಾರಾಭಾಯಿ ಅವರ ಮನೆತನದವರು.

ನಮಗೆ ತಗಡು ಬೇಡ. ತೆಂಗಿನ ಪೊರಕೆ ಕಡ್ಡಿ, ಹೊಲಿಗೆ ದಾರ, ಹಳೇ ಲಗ್ನಪತ್ರಿಕೆ ಸಾಕು. ಪತ್ರಿಕೆಯನ್ನು ಎಲೆ, ಮೀನಿನ ಆಕಾರಕ್ಕೆ ಕತ್ತರಿಸಿ ಕಡ್ಡಿಯ ಎರಡು ತುದಿಗೆ ಕಟ್ಟಬೇಕು. ಆಮೇಲೆ ಕಡ್ಡಿಯನ್ನು ತೂಗುಹಾಕಲು ಎಲ್ಲಿ ದಾರ ಕಟ್ಟಬೇಕು ಅನ್ನೋದೇ ಪಾಠ.

ನಾನು ವಿಜ್ಞಾನದಲ್ಲಿ ಓದಿದ ಸನ್ನೆಯ ಲೆಕ್ಕ ಹೇಳಿದೆ. ಕಡ್ಡಿ 30 ಸೆಂ.ಮೀ. ಒಂದು ತುದಿಗೆ ಎರಡು ಎಲೆ, ಇನ್ನೊಂದಕ್ಕೆ ಒಂದೇ ಎಲೆ, ಎಲ್ಲ ಒಂದೇ ಅಳತೆಯವು. ಹಾಗಾದರೆ 2 × 10 = 1 × 20. ಎರಡು ಎಲೆಯ ಕಡೆಯಿಂದ 10 ಸೆಂ.ಮೀ.ಗೆ ದಾರ. ಎಲ್ಲರೂ ಕಟ್ಟಿದರು. ಎಲ್ಲರ ಕಡ್ಡಿಯೂ ಒಂದು ಎಲೆಯ ಕಡೆಗೇ ವಾಲಿತು! ಅಳತೆ ಸರಿಯಾಗಿ ಮಾಡಿಲ್ಲ ಅಂತ ರೇಗಿದೆ. ಒಬ್ಬ ಹುಡುಗ ಮಾತ್ರ ಸ್ಕೇಲೇ ಮುಟ್ಟಿರಲಿಲ್ಲ. ಕಡ್ಡಿಯನ್ನು ಬೆರಳ ಮೇಲಿಟ್ಟು, ಸಮ ನಿಂತ ಕಡೆ ದಾರ ಕಟ್ಟಿದ್ದ. ಅವನದು ತಕ್ಕಡಿ ಹಾಗೆ ನೆಟ್ಟಗಿತ್ತು. "ಲೆಕ್ಕ ತಪ್ಪು" ಅಂತ ಎಲ್ಲರೆದುರು ಅದನ್ನು ಬಿಚ್ಚಿಹಾಕಿದೆ. ಅವನು ಏನೂ ಹೇಳದೆ ಎದ್ದು ಹೋದ.

ರಾತ್ರಿ ಮನೆಯಲ್ಲಿ ನಾನೇ ಅಳೆದು ಕಟ್ಟಿದೆ. ನನ್ನದೂ ವಾಲಿತು. ಸೋಮವಾರ ವಿಜ್ಞಾನದ ಮಿಸ್ಸಿಗೆ ತೋರಿಸಿದೆ. "ಎಲೆಗೆ ತೂಕ ಇದೆ, ಕಡ್ಡಿಗೆ ಇಲ್ವೇನೇ?" ಅಂದರು. ಆಗ ಹೊಳೆಯಿತು. ದಾರದ ಆ ಕಡೆ 20 ಸೆಂ.ಮೀ. ಕಡ್ಡಿ, ಈ ಕಡೆ 10 ಮಾತ್ರ. ಉದ್ದದ ಕಡೆಯೇ ಭಾರ. ಪೊರಕೆ ಕಡ್ಡಿಗೆ ಬುಡ ದಪ್ಪ, ತುದಿ ಸಣ್ಣ ಬೇರೆ. ನನ್ನ ಕಡ್ಡಿ ಸಮ ನಿಂತದ್ದು ಹನ್ನೊಂದೂವರೆ ಸೆಂ.ಮೀ. ಹತ್ತಿರ. ಲೆಕ್ಕ ಸುಳ್ಳಲ್ಲ, ನಾನು ಕಡ್ಡಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮುಂದಿನ ಶನಿವಾರ ಅವನು ಬರಲಿಲ್ಲ. ಹುಣಸೆಮರದ ಕೆಳಗೆ ಗೋಲಿ ಆಡುತ್ತಿದ್ದ. ಹೋಗಿ ಕರೆದೆ. "ನಂದು ತಪ್ಪಲ್ವಾ ಅಕ್ಕ" ಅಂದ. ನಿಂದೇ ಸರಿ ಅಂದೆ, ತರಗತಿಯಲ್ಲೂ ಹೇಳಿದೆ. ಹೇಳುವಾಗ ನಾಚಿಕೆ ಆಯಿತು. ಬೆರಳ ಮೇಲೆ ಇಡುವುದನ್ನು ಅವನೇ ಎಲ್ಲರಿಗೂ ತೋರಿಸಿದ.

ಮಾಡುವವರಿಗೆ ಇನ್ನೊಂದು ಮಾತು. ಕೆಳಗಿನ ಕಡ್ಡಿಯಿಂದ ಶುರುಮಾಡಿ ಮೇಲಕ್ಕೆ ಕಟ್ಟುತ್ತಾ ಹೋಗಬೇಕು. ಕೆಳಗಿನದೆಲ್ಲ ಸೇರಿ ಮೇಲಿನ ಕಡ್ಡಿಗೆ ಒಂದು ಭಾರ. ಮೇಲಿನಿಂದ ಕಟ್ಟಿದರೆ ಪ್ರತಿಸಲವೂ ಬಿಚ್ಚಬೇಕಾಗುತ್ತದೆ. ಸಮ ನಿಂತ ಮೇಲೆ ಗಂಟಿಗೆ ಒಂದು ಹನಿ ಗೋಂದು ಹಾಕಿ, ಜಾರುವುದಿಲ್ಲ.

ಐದು ಕಡ್ಡಿಯ ಮೊಬೈಲ್ ಈಗ ನಾಲ್ಕನೇ ತರಗತಿ ಕಿಟಕಿಯ ಹತ್ತಿರ ತೂಗುತ್ತಿದೆ. ಅತ್ಯಂತ ಕೆಳಗಿನ ಕಡ್ಡಿ ಅವನದು. ಕೈಯಲ್ಲಿ ಮುಟ್ಟಬೇಡಿ, ಊದಿ ನೋಡಿ.