ಮನೆಯಲ್ಲಿ ಹಣ್ಣಿನ ಪಫ್: ರುಚಿ ಹಾಗೂ ಆರೋಗ್ಯದ ಲೆಕ್ಕಾಚಾರ

ಮಹಾನಗರಗಳ ಜೀವನದಲ್ಲಿ ಬೇಕರಿಯು ನಮ್ಮ ಅಡುಗೆಮನೆಯ ನೆರೆಮನೆಯೇ ಆಗಿಬಿಟ್ಟಿದೆ. ಮುಂಬಯಿ, ಪುಣೆಗಳಲ್ಲಿ ಮುಂಜಾನೆಯ ಚಹಾದೊಡನೆ ಖಾರಿ, ಸಂಜೆ ಶಾಲೆಯಿಂದ ಮರಳಿದ ಮಕ್ಕಳಿಗೆ ಪಫ್, ಅತಿಥಿಗಳು ಬಂದಾಗ ಹಣ್ಣು ತುಂಬಿದ ಪೇಸ್ಟ್ರಿ, ಇವೆಲ್ಲ ನಮ್ಮ ಕನ್ನಡ ಕುಟುಂಬಗಳಲ್ಲೂ ವಾಡಿಕೆಯಾಗಿವೆ. ಇವುಗಳಲ್ಲಿ ಹಣ್ಣಿನ ಪಫ್‌ಗೆ ವಿಶೇಷ ಮರ್ಯಾದೆಯುಂಟು. ‘ಹೇಗಿದ್ದರೂ ಒಳಗೆ ಹಣ್ಣಿದೆಯಲ್ಲ’ ಎಂಬುದು ತಾಯಂದಿರ ಸಮಾಧಾನ. ಈ ಸಮಾಧಾನವು ಎಷ್ಟರ ಮಟ್ಟಿಗೆ ಸರಿಯೆಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನಾನು ವೈದ್ಯನಲ್ಲ. ಆದರೆ ಯಾವುದೇ ಖಾತೆಯ ನಿಜಸ್ಥಿತಿ ತಿಳಿಯಬೇಕಾದರೆ ಬಾಬುಗಳನ್ನು ಒಂದೊಂದಾಗಿ ಬರೆದು ಕೂಡಿಸಬೇಕೆಂಬುದನ್ನು ಬಲ್ಲೆ. ಪಫ್ ಅನ್ನು ಮನೆಯಲ್ಲಿ ಮಾಡಿದಾಗ ಮಾತ್ರ ಆ ಬಾಬುಗಳು ನಮ್ಮ ಕಣ್ಣಿಗೆ ಬೀಳುತ್ತವೆ.

ಪದರಗಳ ಚಕ್ರಬಡ್ಡಿ

ಪದರದ ತಿನಿಸು ನಮಗೆ ಹೊಸದಲ್ಲ. ಮದುವೆಯೂಟದ ಚಿರೋಟಿಯಲ್ಲಿ ತುಪ್ಪ ಹಾಗೂ ಅಕ್ಕಿಹಿಟ್ಟಿನ ಲೇಪವು ಹಾಳೆಗಳನ್ನು ಬೇರ್ಪಡಿಸುತ್ತದೆ. ಪಫ್‌ನಲ್ಲಿ ಆ ಕೆಲಸವನ್ನು ಬೆಣ್ಣೆಯು ಮಾಡುತ್ತದೆ. ಚಿರೋಟಿ ಎಣ್ಣೆಯಲ್ಲಿ ಕರಿಯುತ್ತದೆ. ಪಫ್ ಒಲೆಯ ಬಿಸಿಗಾಳಿಯಲ್ಲಿ ಬೇಯುತ್ತದೆ.

ಹಿಟ್ಟಿನೊಳಗೆ ಬೆಣ್ಣೆಯನ್ನಿಟ್ಟು, ಲಟ್ಟಿಸಿ, ಮೂರಾಗಿ ಮಡಿಸಿದರೆ ಬೆಣ್ಣೆಯ ಪದರಗಳು 3. ಇನ್ನೊಮ್ಮೆ ಹಾಗೆಯೇ ಮಾಡಿದರೆ 9. ಬಳಿಕ 27, 81, 243. ಆರನೆಯ ಮಡಿಕೆಗೆ 729! ಇದು ಚಕ್ರಬಡ್ಡಿಯ ಬೆಳವಣಿಗೆಯಲ್ಲದೆ ಬೇರೇನಲ್ಲ. ಒಲೆಯ ಶಾಖಕ್ಕೆ ಹಿಟ್ಟಿನಲ್ಲಿಯೂ ಬೆಣ್ಣೆಯಲ್ಲಿಯೂ ಇರುವ ನೀರು ಆವಿಯಾಗಿ ಪದರಗಳನ್ನು ಮೇಲಕ್ಕೆತ್ತುತ್ತದೆ. ಸೋಡಾ, ಯೀಸ್ಟ್ ಯಾವುದೂ ಬೇಕಿಲ್ಲ. ಆದರೆ ಲಟ್ಟಿಸುವಾಗಲೇ ಬೆಣ್ಣೆ ಕರಗಿ ಹಿಟ್ಟಿನಲ್ಲಿ ಬೆರೆತುಹೋದರೆ ಪದರಗಳೇ ಉಳಿಯುವುದಿಲ್ಲ. ಬೆಣ್ಣೆಯು ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ, ಮುಂಬಯಿ, ಚೆನ್ನೈಗಳಂತಹ ಊರುಗಳಲ್ಲಿ ಈ ಕೆಲಸಕ್ಕೆ ಮುಂಜಾನೆಯ ಹೊತ್ತೇ ಲೇಸು.

ಸಾಮಗ್ರಿ ಮತ್ತು ವಿಧಾನ

ಹನ್ನೆರಡು ಪಫ್‌ಗಳಿಗೆ: ಮೈದಾ 250 ಗ್ರಾಂ, ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಉಪ್ಪು ಅರ್ಧ ಚಮಚ, ನಿಂಬೆರಸ ಒಂದು ಚಮಚ, ತಣ್ಣನೆಯ ನೀರು ಸುಮಾರು 125 ಮಿ.ಲೀ. ಹೂರಣಕ್ಕೆ ಸಿಪ್ಪೆ ತೆಗೆದು ಹೆಚ್ಚಿದ ಸೇಬು 400 ಗ್ರಾಂ, ಸಕ್ಕರೆ 50 ಗ್ರಾಂ, ಚಿಟಿಕೆ ದಾಲ್ಚಿನ್ನಿ ಪುಡಿ, ಕೊಂಚ ನಿಂಬೆರಸ.

ಮೊದಲು ಹೂರಣ. ಸೇಬು, ಸಕ್ಕರೆ, ನಿಂಬೆರಸಗಳನ್ನು ಸಣ್ಣ ಉರಿಯಲ್ಲಿ ನೀರು ಇಂಗುವವರೆಗೆ ಬೇಯಿಸಿ, ದಾಲ್ಚಿನ್ನಿ ಬೆರೆಸಿ, ಪೂರ್ತಿ ಆರಿಸಬೇಕು. ಹೂರಣ ಬಿಸಿಯಿದ್ದರೆ ಬೆಣ್ಣೆ ಕರಗುತ್ತದೆ; ನೀರಾಗಿದ್ದರೆ ತಳ ಹಸಿಯಾಗಿ ಉಳಿಯುತ್ತದೆ. ಚಳಿಗಾಲದಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿಯನ್ನೂ ಬಳಸಬಹುದು. ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರುವುದರಿಂದ ಬೇಯಿಸುವಾಗ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ ಗಟ್ಟಿಮಾಡಿಕೊಳ್ಳುವುದು ಅಗತ್ಯ.

ಬಳಿಕ ಮೈದಾಕ್ಕೆ ಉಪ್ಪನ್ನೂ 25 ಗ್ರಾಂ ಬೆಣ್ಣೆಯನ್ನೂ ಬೆರೆಸಿ, ನಿಂಬೆರಸ ಮತ್ತು ನೀರು ಹಾಕಿ ಮೃದುವಾಗಿ ಕಲಸಿ, ಮುಚ್ಚಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿರಿ. ಉಳಿದ 175 ಗ್ರಾಂ ಬೆಣ್ಣೆಯನ್ನು ಬಟರ್ ಪೇಪರಿನ ನಡುವೆ ತಟ್ಟಿ 13 ಸೆಂ.ಮೀ. ಚೌಕದ ಹಲಗೆಯಂತೆ ಮಾಡಿರಿ. ಹಿಟ್ಟನ್ನು 20 ಸೆಂ.ಮೀ. ಚೌಕವಾಗಿ ಲಟ್ಟಿಸಿ, ಬೆಣ್ಣೆಯನ್ನು ಅದರ ಮೇಲೆ ಓರೆಯಾಗಿಟ್ಟು, ನಾಲ್ಕು ಮೂಲೆಗಳನ್ನೂ ಲಕೋಟೆಯಂತೆ ಮಡಿಸಿ ಅಂಚುಗಳನ್ನು ಒತ್ತಿರಿ. ಅನಂತರ ಅಗಲದ ಮೂರು ಪಟ್ಟು ಉದ್ದಕ್ಕೆ ಲಟ್ಟಿಸಿ, ಮೂರಾಗಿ ಮಡಿಸಿ, ಕಾಲುಸುತ್ತು ತಿರುಗಿಸಿ, ಮತ್ತೊಮ್ಮೆ ಹಾಗೆಯೇ ಮಾಡಿರಿ. ಎರಡು ಮಡಿಕೆಗಳಾದ ಬಳಿಕ ಅರ್ಧ ಗಂಟೆ ಫ್ರಿಜ್ಜಿನ ವಿಶ್ರಾಂತಿ. ಹೀಗೆ ಮೂರು ಸಲಕ್ಕೆ ಆರು ಮಡಿಕೆಗಳು ಪೂರ್ಣವಾಗುತ್ತವೆ. ಅವಸರ ಸಲ್ಲದು.

ಕೊನೆಗೆ 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲಕ್ಕೆ ಲಟ್ಟಿಸಿ, ಹರಿತವಾದ ಚಾಕುವಿನಿಂದ ಹನ್ನೆರಡು ಚೌಕಗಳಾಗಿ ಕತ್ತರಿಸಿರಿ. ಮೊಂಡು ಚಾಕುವಾದರೆ ಪದರಗಳ ಅಂಚು ಅಂಟಿಕೊಂಡು ಪಫ್ ಉಬ್ಬುವುದಿಲ್ಲ. ನಡುವೆ ಒಂದೊಂದು ದೊಡ್ಡ ಚಮಚ ಹೂರಣವಿಟ್ಟು, ಅಂಚಿನ ಒಳಬದಿಗೆ ನೀರು ಸವರಿ, ತ್ರಿಕೋನವಾಗಿ ಮಡಿಸಿ ಒತ್ತಿರಿ. ಆವಿ ಹೊರಬರಲು ಮೇಲೆ ಎರಡು ಸಣ್ಣ ಗೀರುಗಳನ್ನು ಹಾಕಿ, ಹಾಲು ಸವರಿ, ಇಪ್ಪತ್ತು ನಿಮಿಷ ತಣ್ಣಗಿಡಿರಿ. ಮುಂಚಿತವಾಗಿ ಕಾಯಿಸಿದ ಓವನ್‌ನಲ್ಲಿ 200 ಡಿಗ್ರಿಯಲ್ಲಿ 15 ನಿಮಿಷ, ಬಳಿಕ 180 ಡಿಗ್ರಿಯಲ್ಲಿ ಹೊಂಬಣ್ಣ ಬರುವವರೆಗೆ ಇನ್ನೂ 10ರಿಂದ 15 ನಿಮಿಷ ಬೇಯಿಸಿರಿ. ಮೊದಲ ಹದಿನೈದು ನಿಮಿಷ ಬಾಗಿಲು ತೆರೆಯಕೂಡದು.

ಬೇಕರಿಯ ಕೊಬ್ಬು

ಬೆಣ್ಣೆ ದುಬಾರಿ, ಸೆಕೆಗೆ ಬೇಗ ಕರಗುವಂಥದು. ಆದುದರಿಂದ ಅನೇಕ ಬೇಕರಿಗಳು ವನಸ್ಪತಿ ಅಥವಾ ಮಾರ್ಗರೀನನ್ನು ಆಶ್ರಯಿಸಿದವು. ಎಣ್ಣೆಗೆ ಜಲಜನಕವನ್ನು ಅರೆಬರೆಯಾಗಿ ಕೂಡಿಸಿ ಗಟ್ಟಿಮಾಡುವ ಕ್ರಮದಲ್ಲಿ ‘ಟ್ರಾನ್ಸ್ ಫ್ಯಾಟ್’ ಎಂಬ ಕೊಬ್ಬು ಹುಟ್ಟುತ್ತದೆ. ಅದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುವುದರಿಂದ ಹೃದಯಕ್ಕೆ ಎರಡು ಬಗೆಯ ನಷ್ಟ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಇದರ ನಿರ್ಮೂಲನೆಗೆ ಕರೆಯಿತ್ತಿತು. ನಮ್ಮ ದೇಶದಲ್ಲಿ ಎಣ್ಣೆ ಹಾಗೂ ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರಲ್ಲಿ ನೂರಕ್ಕೆ 3ಕ್ಕೂ, 2022ರ ಜನವರಿಯಿಂದ ನೂರಕ್ಕೆ 2ಕ್ಕೂ ಇಳಿಸಲಾಯಿತು. ಇದು ಸ್ತುತ್ಯ ಕ್ರಮ. ಆದರೆ ಬಿಡಿಯಾಗಿ ಕೊಳ್ಳುವ ಪಫ್‌ನ ಮೇಲೆ ಚೀಟಿಯಿರುವುದಿಲ್ಲ. ಯಾವ ಕೊಬ್ಬು, ಎಷ್ಟು ಎಂಬುದು ಗಿರಾಕಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಮಾಡುವುದರ ಮೊದಲ ಲಾಭವೇ ಈ ತಿಳಿವಳಿಕೆ.

ಕೂಡಿಸಿ ನೋಡಿದಾಗ

ಹಾಗೆಂದು ಮನೆಯ ಪಫ್ ನಿರಪಾಯಕಾರಿಯೆ? ಈಗ ಲೆಕ್ಕ ಮಾಡೋಣ. 200 ಗ್ರಾಂ ಬೆಣ್ಣೆಯಿಂದ ಸುಮಾರು 1,440 ಕ್ಯಾಲೊರಿ, ಮೈದಾದಿಂದ 875, ಸೇಬಿನಿಂದ 208, ಸಕ್ಕರೆಯಿಂದ 200. ಒಟ್ಟು ಸುಮಾರು 2,720. ಹನ್ನೆರಡರಿಂದ ಭಾಗಿಸಿದರೆ ಒಂದು ಪಫ್‌ಗೆ ಸುಮಾರು 225 ಕ್ಯಾಲೊರಿ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಣ್ಣೆಯದು. ಹಣ್ಣಿನ ಪಾಲು ನೂರಕ್ಕೆ ಎಂಟೂ ಇಲ್ಲ! ಹೆಸರು ಹಣ್ಣಿನದು, ಬಂಡವಾಳ ಬೆಣ್ಣೆಯದು.

ಬೆಣ್ಣೆಯ ಸುಮಾರು ಅರ್ಧ ತೂಕ ಪರ್ಯಾಪ್ತ ಕೊಬ್ಬು. ಒಂದು ಪಫ್‌ನಲ್ಲಿ ಅದು ಸುಮಾರು ಎಂಟೂವರೆ ಗ್ರಾಂ. ಈ ಬಗೆಯ ಕೊಬ್ಬು ದಿನದ ಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ 2,000 ಕ್ಯಾಲೊರಿ ಸೇವಿಸುವವರಿಗೆ ಅದು ಸುಮಾರು 22 ಗ್ರಾಂ. ಎರಡು ಪಫ್ ತಿಂದರೆ 17 ಗ್ರಾಂ ಖರ್ಚಾಯಿತು. ಹಾಲು, ಮೊಸರು, ತುಪ್ಪ, ತೆಂಗಿನಕಾಯಿಗಳಿಗೆ ಖಾತೆಯಲ್ಲಿ ಉಳಿದದ್ದು ಐದೇ ಗ್ರಾಂ.

ಬೆಣ್ಣೆಯನ್ನು ಕಡಿಮೆ ಮಾಡಬಾರದೆ ಎಂದು ಕೇಳಬಹುದು. ತೀರಾ ಕಡಿಮೆ ಮಾಡಿದರೆ ಪದರ ಬರುವುದಿಲ್ಲ. ಆದುದರಿಂದ ಪಫ್‌ನಲ್ಲಿ ಕೈಬಿಗಿ ಮಾಡುವುದಕ್ಕಿಂತ, ಪಫ್ ಮಾಡುವ ದಿನಗಳಲ್ಲಿ ಕೈಬಿಗಿ ಮಾಡುವುದು ಜಾಣತನ. ಅದನ್ನು ಚಿರೋಟಿಯ ಹಾಗೆ ವಿಶೇಷ ದಿನದ ಭಕ್ಷ್ಯವಾಗಿ ಇರಿಸಿಕೊಳ್ಳಬೇಕು, ತಲೆಗೊಂದರಂತೆ ಹಂಚಬೇಕು, ಮಿಕ್ಕುದನ್ನು ನೆರೆಹೊರೆಗೆ ಕಳುಹಬೇಕು. ಆ ದಿನದ ಊಟದಲ್ಲಿ ತುಪ್ಪ, ಕರಿದ ಪದಾರ್ಥಗಳನ್ನು ಬಿಡಬೇಕು. ಮಧುಮೇಹಿಗಳೂ ಹೃದ್ರೋಗಿಗಳೂ ತಮ್ಮ ವೈದ್ಯರ ಮಾತನ್ನು ಮೀರದಿರಲಿ. ಮಕ್ಕಳಿಗೆ ದಿನನಿತ್ಯ ಹಣ್ಣು ಕೊಡಬೇಕೆಂಬ ಸದಿಚ್ಛೆಯಿದ್ದರೆ ಅದಕ್ಕೆ ಹಣ್ಣನ್ನೇ ಕೊಡುವುದು ಸರಿಯಾದ ಮಾರ್ಗ.

ಅರ್ಧ ದಿನ ಶ್ರಮಪಟ್ಟು, ಆರು ಸಲ ಲಟ್ಟಿಸಿ ಮಡಿಸಿದ ಕೈಗೆ ಈ ತಿನಿಸಿನ ಬೆಲೆ ತಾನಾಗಿ ತಿಳಿಯುತ್ತದೆ. ಇನ್ನೂರು ಗ್ರಾಂ ಬೆಣ್ಣೆಯನ್ನು ಕಣ್ಣಾರೆ ತೂಗಿ ಹಾಕಿದವರು ಎರಡನೆಯ ಪಫ್‌ಗೆ ಕೈ ಚಾಚುವ ಮೊದಲು ಒಂದು ಕ್ಷಣ ಯೋಚಿಸುವರು. ಆ ಒಂದು ಕ್ಷಣದ ವಿವೇಚನೆಯೇ ಆರೋಗ್ಯದ ಖಾತೆಗೆ ನಾವು ಕಟ್ಟುವ ಜಮೆ.